ಇನ್ನೊಂದು ಸೌಟು

ಅಹ್ಮದ್ ಬಾವಾ ಯಾರನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಉಪ್ಪಿನಂಗಡಿಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದಾಗಲೂ ಮೀನು ತಂದವನ ಮಾತಿಗಿಂತ ಮೀನಿನ ಕಿವಿರನ್ನೇ ಹೆಚ್ಚು ನಂಬಿದವನು. ಆದರೆ 1991ರ ಜೂನ್ ತಿಂಗಳ ಕುವೈತಿನಲ್ಲಿ ಅವನ ಸಂಶಯಬುದ್ಧಿಗೆ ಬಲವಾದ ಕಾರಣವೂ ಇತ್ತು. ಇರಾಕಿನ ಸೈನ್ಯ ಓಡಿಹೋಗಿ ತಿಂಗಳುಗಳಾಗಿದ್ದರೂ ಅದು ಹಚ್ಚಿ ಹೋದ ಎಣ್ಣೆ ಬಾವಿಗಳು ಉರಿಯುತ್ತಲೇ ಇದ್ದವು. ಹೊಗೆ ಕವಿದು ಮಟಮಟ ಮಧ್ಯಾಹ್ನಕ್ಕೇ ದೀಪ ಹಾಕಬೇಕಾಗುತ್ತಿತ್ತು. ದೇಶದಲ್ಲಿ ಮಾರ್ಷಲ್ ಲಾ. ಯುದ್ಧದಲ್ಲಿ ಊರು ಬಿಟ್ಟವರು ಮರಳಿ ಬಂದು, ಬಿಡದೆ ಉಳಿದವರನ್ನು "ಆಗ ನೀನು ಇಲ್ಲಿ ಏನು ಮಾಡುತ್ತಿದ್ದೆ?" ಎಂದು ಕೇಳುತ್ತಿದ್ದ ಕಾಲ. ಉತ್ತರ ಸರಿಬೀಳದಿದ್ದರೆ ಜೀಪು ಬರುತ್ತಿತ್ತು. ಜೀಪು ಹತ್ತಿದ ಎಷ್ಟೋ ಜನರ ಸುದ್ದಿ ಆಮೇಲೆ ಯಾರಿಗೂ ಸಿಕ್ಕಿರಲಿಲ್ಲ.

ಬಾವಾ ಉಳಿದವನು. ಹಿಂದಿನ ವರ್ಷ ಇರಾಕ್ ಕುವೈತಿಗೆ ನುಗ್ಗಿದಾಗ, ಅವನು ಕೆಲಸಕ್ಕಿದ್ದ ಮಹಬೂಲಾದ ಬೇಕರಿಯ ಧಣಿ ಕೀಲಿಕೈ ಇವನ ಕೈಗೆ ಕೊಟ್ಟು ಸೌದಿಗೆ ಓಡಿಹೋದ. ಮಾರನೆಯ ವಾರ ಇರಾಕಿ ಸೈನಿಕರು ಬಂದು ಒಲೆ ಹಚ್ಚು ಎಂದರು. ಹಚ್ಚಿದ. ಚಳಿಗಾಲವಿಡೀ ಅವರಿಗೆ ಖುಬ್ಬೂಸ್ ರೊಟ್ಟಿ ಸುಟ್ಟ. ಬಂದೂಕು ಹಿಡಿದು ರೊಟ್ಟಿ ಕೇಳಿದರೆ ಬಾವಾ ಏನು, ಯಾರಾದರೂ ಕೊಡುತ್ತಾರೆ. ಆದರೆ ಈ ಕಥೆ ಕೇಳುವವರ ಕಿವಿಗೆ ಬಂದೂಕಿನ ಭಾಗ ಬೀಳುವುದಿಲ್ಲ, ರೊಟ್ಟಿಯ ಭಾಗ ಮಾತ್ರ ಬೀಳುತ್ತದೆ. ಫೆಬ್ರವರಿಯಲ್ಲಿ ಬೀದಿಯಲ್ಲಿ ಸಂಭ್ರಮದ ಗುಂಡಿನ ಸದ್ದು ಕೇಳಿದಾಗಲೂ ಅವನು ಅದನ್ನು ನಂಬಲಿಲ್ಲ. ಇದೂ ಏನೋ ಕುತಂತ್ರವೆಂದು ಹಿಟ್ಟಿನ ಚೀಲಗಳ ಹಿಂದೆ ಅಡಗಿ ಕುಳಿತ. ಸೈನಿಕರೆಲ್ಲ ಪರಾರಿಯಾದ ಮರುದಿನವೂ ಅವರಿಗಾಗಿ ಹಿಟ್ಟು ಕಲಸಿಟ್ಟಿದ್ದ ಎಂದರೆ ಅವನ ಭಯ ಎಂಥದೆಂದು ನೀವೇ ತಿಳಿದುಕೊಳ್ಳಿ.

ಈಗ ಅವನು ಸಬ್ಹಾನಿನಲ್ಲಿ ಒಂದು ಅಮೆರಿಕನ್ ಕಂಪೆನಿಯ ಮೆಸ್ಸಿನ ಅಡುಗೆಯವ. ಒಡೆದ ಪೈಪುಗಳನ್ನು ಬೆಸೆಯುವ ಕಂಪೆನಿ ಅದು. ಕೆಲಸ ಉಳಿಯಬೇಕಾದರೆ ಗೇಟಿನ ಸೆಕ್ಯುರಿಟಿಯವರು ವಿಚಾರಣೆ ಮಾಡಿ ಹೊಸ ಪಾಸ್ ಕೊಡಬೇಕು. ಬಾವಾನ ಹೊಸ ಪಾಸ್ ಇನ್ನೂ ಆಗಿರಲಿಲ್ಲ, ತಾತ್ಕಾಲಿಕ ಪಾಸಿನಲ್ಲೇ ದಿನ ತಳ್ಳುತ್ತಿದ್ದ. ಒಂದು ಅಡ್ಡಮಾತು ಬಿದ್ದರೂ ಅವನ ಕಥೆ ಖಲಾಸ್. ಊರಲ್ಲಿ ನಫೀಸಮ್ಮನಿಗೆ ಗಂಡ ಜೀವಂತ ಇದ್ದಾನೆಂದು ಗೊತ್ತಾದದ್ದೇ ಏಪ್ರಿಲಿನಲ್ಲಿ. ಅವಳಿಗೆ ಮತ್ತೊಮ್ಮೆ ಅದೇ ಗೋಳು ತರಿಸಲು ಅವನಿಗೆ ಇಷ್ಟವಿರಲಿಲ್ಲ.

ರೊಟ್ಟಿಯ ವಿಷಯವನ್ನು ಅವನು ಹೇಳಿಕೊಂಡದ್ದು ಪ್ರೀತಮ್ ಒಬ್ಬನಲ್ಲಿ. ಪ್ರೀತಮ್ ಮೈಸೂರಿನ ಹುಡುಗ, ಸ್ಟೋರಿನ ಇಂಜಿನಿಯರ್. ಮೆಸ್ಸಿನಲ್ಲಿ ಕನ್ನಡ ಬರುವವರು ಅವರಿಬ್ಬರೇ. ಹಾಗಾಗಿ ಬಡಿಸುವ ಕಟ್ಟೆಯ ಮುಂದೆ, ನೂರು ಜನರ ಸಾಲಿನ ನಡುವೆ, ಅವರು ಮನೆಯ ಜಗಲಿಯಲ್ಲಿ ಕೂತವರ ಹಾಗೆ ಮಾತಾಡುತ್ತಿದ್ದರು.

ಆ ದಿನ ಮಟನ್ ಸಾರು. ಪ್ರೀತಮನ ಹಿಂದೆ ನಿಂತಿದ್ದವನು ಹೊಸಬ. ಆರಡಿ ಎತ್ತರ, ಕಪ್ಪು ಮೈ, ಗುಂಗುರು ಕೂದಲು. ಟೆಕ್ಸಾಸಿನಿಂದ ಬಂದಿದ್ದ ಕಪ್ಪು ಜನಾಂಗದ ವೆಲ್ಡರುಗಳ ಜೊತೆಗೇ ಅವನು ಯಾವಾಗಲೂ ಕೂರುತ್ತಿದ್ದುದರಿಂದ ಬಾವಾ ಅವನನ್ನೂ ಅಮೆರಿಕದವನೆಂದೇ ತಿಳಿದಿದ್ದ.

"ಈ ಕರಿಯನಿಗೆ ಇನ್ನೊಂದು ಸೌಟು ಹಾಕದಿದ್ರೆ ಪಾತ್ರೆಯನ್ನೇ ತಿಂದಾನು ಮಾರಾಯ," ಎಂದ ಬಾವಾ, ಪ್ರೀತಮನಿಗೆ.

"ಪಾತ್ರಿ ಬ್ಯಾಡ್ರೀ ಕಾಕಾ, ಇನ್ನೊಂದು ಸೌಟು ಸಾರು ಸಾಕು," ಎಂದ ಆ ಮನುಷ್ಯ. ತಟ್ಟೆ ಚಾಚಿ ನಗುತ್ತಿದ್ದ.

ಬಾವಾನ ಕೈಯ ಸೌಟು ಪಾತ್ರೆಯೊಳಗೆ ಜಾರಿತು. ಮೊದಲು ನಾಚಿಕೆಯಾಯಿತು, ಅದು ಕ್ಷಣಮಾತ್ರ. ಆಮೇಲೆ ಹೊಳೆಯಿತು. ಇವನಿಗೆ ಕನ್ನಡ ಬರುತ್ತದೆ. ಕಳೆದ ವಾರ ರೊಟ್ಟಿಯ ಕಥೆ ಹೇಳುವಾಗಲೂ ಇವನು ಇದೇ ಸಾಲಿನಲ್ಲಿ, ಇದೇ ಜಾಗದಲ್ಲಿ ನಿಂತಿದ್ದ.

ಅಂದು ಸಂಜೆ ಬಾವಾ ಪ್ರೀತಮನನ್ನು ಸ್ಟೋರಿನ ಹಿಂದೆ ಹಿಡಿದ.

"ಅವನು ಯಾರು, ಎಂತ, ನಿನಗೆ ಗೊತ್ತುಂಟಾ?"

"ಪಾಸ್‌ಪೋರ್ಟ್ ನೋಡ್ದೆ ಬಾವಾ ಅವ್ರೆ. ಇಂಡಿಯನ್ ಅಂತಾನೇ ಇದೆ. ಹೆಸರು ಮೈಕಲ್ ಬಸ್ತ್ಯಾಂವ್ ಸಿದ್ದಿ. ಆದ್ರೆ ಮುಖ ನೋಡಿದ್ರೆ ಇಂಡಿಯನ್ ಅನ್ಸುತ್ತಾ ನಿಮಗೆ?"

"ಇಲ್ಲ."

"ನನಗೂ ಅನ್ಸಲ್ಲ. ಬಾಂಬೆ ಏಜೆಂಟಿಗೆ ದುಡ್ಡು ಬಿಸಾಕಿದ್ರೆ ಯಾವ ಪಾಸ್‌ಪೋರ್ಟ್ ಬೇಕಾದ್ರೂ ಮಾಡಿಸಿಕೊಡ್ತಾನೆ. ಇಲ್ಲಿ ಯಾರು ಯಾರ ಮೇಲೆ ಕಣ್ಣಿಡೋಕೆ ಬಂದಿದ್ದಾರೋ. ಸ್ವಲ್ಪ ಹುಷಾರಾಗಿರಿ."

ಓದಿದ ಹುಡುಗನೇ ಹೀಗೆಂದ ಮೇಲೆ ಬಾವಾನ ತಲೆಗೆ ತಡೆ ಯಾವುದು? ಅವನ ಲೆಕ್ಕ ಓಡತೊಡಗಿತು. ಆ ಕನ್ನಡ ಮಂಗಳೂರಿನದ್ದಲ್ಲ, ಮೈಸೂರಿನದ್ದೂ ಅಲ್ಲ. ಹುಬ್ಬಳ್ಳಿ ಕಡೆಯ ಯಾರೋ ಕೂರಿಸಿ ಕಲಿಸಿದ ಹಾಗಿದೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದವನು ಇವತ್ತು ಬಾಯಿ ತೆರೆದದ್ದೇಕೆ? ನಿನ್ನ ಗುಟ್ಟು ನನಗೆ ಗೊತ್ತು ಎಂದು ತಿಳಿಸಲಿಕ್ಕೇ ಇರಬೇಕು. ಉಳಿದವರನ್ನು ಹಿಡಿಯಲು ಯಾರೋ ನೆಟ್ಟ ಮನುಷ್ಯ ಇವನು. ಕನ್ನಡದವರ ನಡುವೆ ಕನ್ನಡ ಕಲಿತವನನ್ನೇ ಬಿಟ್ಟಿದ್ದಾರೆ. ಇಂಥ ಯೋಚನೆ ಬೆಳೆಸುವುದಕ್ಕೆ ಬಾವಾನಿಗೆ ಯಾರ ಸಹಾಯವೂ ಬೇಕಿರಲಿಲ್ಲ.

ಇದೇ ಹೊತ್ತಿಗೆ ವೆಲ್ಡರುಗಳ ಫೋರ್‌ಮನ್ ಎಲ್ರಾಯ್ ಅಡುಗೆಮನೆಗೆ ಬಂದು ಇನ್ನೊಂದು ಗಂಟು ಹಾಕಿದ. ಅರುವತ್ತು ಸಮೀಪಿಸಿದ ದೊಡ್ಡ ಗಂಟಲಿನ ಮನುಷ್ಯ ಅವನು. ಹತ್ತೊಂಬತ್ತನೇ ತಾರೀಕಿನ ಮಧ್ಯಾಹ್ನ ವೆಲ್ಡಿಂಗ್ ಶೆಡ್ಡಿನಲ್ಲಿ ತಮ್ಮದೊಂದು ಹಬ್ಬವಿದೆ, ಮ್ಯಾನೇಜರ್ ಒಪ್ಪಿದ್ದಾನೆ, ಕಲ್ಲಂಗಡಿ ಬೇಕು, ಸುಟ್ಟ ಮಾಂಸ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಕುಡಿಯಲು ಕೆಂಪು ಬಣ್ಣದ ಏನಾದರೂ ಬೇಕು ಎಂದ.

"ಕೆಂಪೇ ಯಾಕೆ?" ಎಂದು ಬಾವಾ ತನ್ನ ಅಡುಗೆಮನೆ ಇಂಗ್ಲಿಷಿನಲ್ಲಿ ಕೇಳಿದ.

ಎಲ್ರಾಯ್ ಸಮಾಧಾನವಾಗಿ ಹೇಳಿದ. ಅವರ ಹಿರಿಯರು ಗುಲಾಮರಾಗಿದ್ದರು. ದೇಶದ ಅಧ್ಯಕ್ಷರು ಅವರ ಬಿಡುಗಡೆ ಸಾರಿದರೂ ಟೆಕ್ಸಾಸಿನ ಹೊಲಗಳಲ್ಲಿ ಯಾರೂ ಅದನ್ನು ಜಾರಿಗೆ ತರಲಿಲ್ಲ. ಎರಡೂವರೆ ವರ್ಷದ ಮೇಲೆ ಒಂದು ಜೂನ್ ಹತ್ತೊಂಬತ್ತರಂದು ಸೈನ್ಯ ಬಂದು ಆಜ್ಞೆ ಓದಿದಾಗಲೇ ಅವರು ಬಿಡುಗಡೆಯಾದದ್ದು. ಆ ದಿನ ಕೆಂಪು ಕುಡಿಯುತ್ತೇವೆ, ಸುರಿದ ರಕ್ತದ ನೆನಪಿಗೆ ಎಂದು ಅಜ್ಜಿ ಹೇಳುತ್ತಿದ್ದಳು ಎಂದ.

ಬಾವಾ ತಲೆಯಾಡಿಸಿದನೇ ಹೊರತು ಒಂದಕ್ಷರವನ್ನೂ ನಂಬಲಿಲ್ಲ. ಬಿಡುಗಡೆಯಂಥ ಬಿಡುಗಡೆಯ ಸುದ್ದಿ ಎರಡೂವರೆ ವರ್ಷ ತಡವಾಗುತ್ತದೆಯೇ? ತಾನೇ ಬಿಡುಗಡೆಯ ಮರುದಿನ ಹಿಟ್ಟು ಕಲಸಿದ್ದು ಅವನಿಗೆ ಆಗ ನೆನಪಾಗಲಿಲ್ಲ. ಮಾರ್ಷಲ್ ಲಾ ಇರುವಾಗ ಶೆಡ್ಡಿನಲ್ಲಿ ಗುಂಪು ಸೇರುವುದು, ಕೆಂಪು ಕುಡಿಯುವುದು, ಆ ಗುಂಪಿನಲ್ಲಿ ಕಳ್ಳ ಪಾಸ್‌ಪೋರ್ಟಿನ ಆ ಮೈಕಲ್. ಇವೆಲ್ಲ ಒಂದೇ ಸೂತ್ರದ ಗೊಂಬೆಗಳೆಂದು ಅವನಿಗೆ ಖಾತ್ರಿಯಾಯಿತು.

ಮರುದಿನ ಗೇಟಿಗೆ ಚಹಾ ಒಯ್ದಾಗ ಬಾವಾ ಹೊರಡದೆ ನಿಂತ. ಸೆಕ್ಯುರಿಟಿಯ ಮೇಲಧಿಕಾರಿ ಯೂಸುಫ್ ಕುವೈತಿ. ಅವನ ತಮ್ಮನನ್ನು ಇರಾಕಿಗಳು ಎಳೆದೊಯ್ದಿದ್ದರು, ಇನ್ನೂ ಪತ್ತೆಯಿರಲಿಲ್ಲ. ನಗುವುದನ್ನು ಅವನು ಬಿಟ್ಟುಬಿಟ್ಟಿದ್ದ. ಬಾವಾನ ಹೊಸ ಪಾಸಿನ ಅರ್ಜಿ ಇದ್ದದ್ದು ಅವನ ಮೇಜಿನ ಮೇಲೆಯೇ.

"ಆ ಮೈಕಲ್ ಅನ್ನುವವನ ಕಾಗದಪತ್ರ ಒಮ್ಮೆ ನೋಡುವುದು ಒಳ್ಳೆಯದು," ಎಂದ ಬಾವಾ ಬೇಕರಿಯಲ್ಲಿ ಕಲಿತ ಅರಬಿಯಲ್ಲಿ. "ಭಾರತದವನು ಅನ್ನುತ್ತಾನೆ. ನಾನು ಭಾರತದವನು. ಅವನು ಅಲ್ಲ."

ಯೂಸುಫ್ ಚಹಾ ಕುಡಿದು ಲೋಟ ಕೆಳಗಿಟ್ಟ. ಆ ಹೆಸರನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡ.

ಬಾವಾ ಅಡುಗೆಮನೆಗೆ ಹಗುರಾಗಿ ಮರಳಿದ. ಅವನು ನನ್ನ ಮೇಲೆ ಹೇಳುವ ಮೊದಲು ನಾನೇ ಹೇಳಿದೆ, ಇನ್ನು ಅವನ ಮಾತಿಗೆ ಬೆಲೆಯಿಲ್ಲ ಎಂದು ತನ್ನನ್ನು ತಾನೇ ಬೆನ್ನು ತಟ್ಟಿಕೊಂಡ. ಆ ರಾತ್ರಿ ನಿದ್ದೆಯೂ ಚೆನ್ನಾಗಿ ಬಂತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹತ್ತೊಂಬತ್ತರ ಬೆಳಿಗ್ಗೆ ಕೆಂಪು ಪಾನೀಯದ ಪ್ರಶ್ನೆ ಎದ್ದಿತು. ಕೋಲ್ಡ್ ಸ್ಟೋರಿನಲ್ಲಿ ಕಿತ್ತಳೆ, ಹಳದಿ ಡಬ್ಬಗಳಿದ್ದವು, ಕೆಂಪು ಇರಲಿಲ್ಲ. ಎಲ್ರಾಯನ ಮುಖ ಸಣ್ಣದಾದದ್ದು ನೋಡಿ ಬಾವಾನೊಳಗಿನ ಅಡುಗೆಯವ ಎಚ್ಚರವಾದ. ಸಂಶಯ ಬೇರೆ, ಅಡುಗೆ ಬೇರೆ. ನಫೀಸಮ್ಮ ಊರಿನಿಂದ ಬಂದವರ ಕೈಯಲ್ಲಿ ಕಳಿಸಿದ್ದ ಒಣ ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ ಸಿಪ್ಪೆ ಪೆಟ್ಟಿಗೆಯಲ್ಲಿತ್ತು. ಅದನ್ನೆಲ್ಲ ಸುರಿದು ಬಿಸಿನೀರಿನಲ್ಲಿ ನೆನೆಸಿದ. ದೊಡ್ಡ ಪಾತ್ರೆಯ ನೀರು ದಾಸವಾಳದ ಕೆಂಪಿಗೆ ತಿರುಗಿತು.

ಪಾತ್ರೆ ಹೊರಲು ಎಲ್ರಾಯ್ ಕಳಿಸಿದ್ದು ಮೈಕಲನನ್ನು. ಅವನು ಒಳಗೆ ಬಂದವನೇ ಮೂಗರಳಿಸಿದ. ನೆನೆಯದೆ ಉಳಿದಿದ್ದ ಒಂದು ಸಿಪ್ಪೆ ತೆಗೆದು ಉಪ್ಪಿನ ಡಬ್ಬಿಗೆ ಒತ್ತಿ ಕೆನ್ನೆಯೊಳಗೆ ಸೇರಿಸಿ ಕಣ್ಣು ಮುಚ್ಚಿದ. ಶಾಲೆಗೆ ಹೋಗುವಾಗ ಬಾವಾ ಮಾಡುತ್ತಿದ್ದದ್ದೂ ಇದನ್ನೇ, ಉಪ್ಪು ಸಹಿತ. ಗೂಢಚಾರನಿಗೆ ಭಾಷೆ ಕಲಿಸಬಹುದು. ಸಿಪ್ಪೆಯನ್ನು ಕೆನ್ನೆಯಲ್ಲಿಟ್ಟು ಚೀಪುವುದನ್ನು ಯಾರು ಕಲಿಸುತ್ತಾರೆ?

"ಮುರುಗಲ ಅಲ್ರೀ ಕಾಕಾ ಇದು? ನಮ್ಮವ್ವ ಅಡವಿಯಿಂದ ಬುಟ್ಟಿಗಟ್ಟಲೆ ತರತಿದ್ಲು."

"ಯಾವ ಊರು ನಿನ್ನದು?" ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಬಹುದಿತ್ತು ಎಂದು ಕೇಳಿದ ಮೇಲೆ ಬಾವಾನಿಗೆ ಹೊಳೆಯಿತು.

"ಹಳಿಯಾಳದ ಹತ್ರ ಒಂದು ಹಳ್ಳಿ ರೀ. ನಾವು ಸಿದ್ದಿಗಳು. ಹಿಂದ ಪೋರ್ಚುಗೀಸರು ಆಫ್ರಿಕಾದಿಂದ ನಮ್ಮ ಮಂದೀನ ಗೋವಾಕ್ಕ ತಂದಿದ್ರಂತ. ಅದು ಯಾವ ಕಾಲದ್ದೋ. ನಮಗ ಗೊತ್ತಿರೋದು ಹಳಿಯಾಳ ಒಂದ."

"ಮತ್ತೆ ಇಷ್ಟು ದಿನ ಕನ್ನಡ ಮಾತಾಡ್ಲಿಲ್ಲ ಯಾಕೆ ನೀನು?"

"ಹುಬ್ಬಳ್ಳಿ ಸ್ಟೇಶನ್ನಿನಾಗೂ ನಮ್ಮನ್ನ ಇಂಗ್ಲಿಷಿನಾಗ ಮಾತಾಡಸ್ತಾರ್ರಿ. ಕನ್ನಡ ಮಾತಾಡಿದ್ರ ನಗತಾರ, ಇಲ್ಲಾ ಕಾಗದ ಕೇಳತಾರ. ಅದಕ್ಕ ಬಾಯಿ ಮುಚ್ಕೊಂಡಿದ್ದೆ. ಅವತ್ತು ನಿಮ್ಮ ಸಾರಿನ ವಾಸನಿಗೆ ತಡಕೊಳ್ಳಾಕ ಆಗಲಿಲ್ಲ." ಮೈಕಲ್ ಪಾತ್ರೆಯ ಹಿಡಿಗೆ ಕೈ ಹಾಕಿ ದನಿ ತಗ್ಗಿಸಿದ. "ಕಾಕಾ, ನೀವು ರೊಟ್ಟಿ ಸುಟ್ಟಿದ್ದು ಹೇಳೋದು ಕೇಳೇನಿ. ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಆದ್ರ ಸಾಲಿನಾಗ ನಿಂತು ಅಂಥಾ ಮಾತು ಆಡಬ್ಯಾಡ್ರಿ. ಯಾರಿಗೆ ಯಾವ ಭಾಷಾ ಬರತೈತೋ."

ಅವನು ಪಾತ್ರೆ ಹೊತ್ತು ಹೋದ. ಬಾವಾ ಏಪ್ರನ್ ಕಟ್ಟಿಕೊಂಡೇ ಗೇಟಿಗೆ ಓಡಿದ. ಯೂಸುಫ್ ಇರಲಿಲ್ಲ. ಪಟ್ಟಣಕ್ಕೆ ಹೋಗಿದ್ದಾನೆ, ಮಿಲಿಟರಿಯವರನ್ನು ಕರೆದುಕೊಂಡು ಬರುತ್ತಾನೆ ಎಂದ ಕಾವಲುಗಾರ. ಯಾರಿಗಾಗಿ ಎಂದು ಬಾವಾ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಮಾಡಿದ್ದುಣ್ಣುವವನು ತಾನಾಗಿದ್ದರೆ ಸಹಿಸಬಹುದಿತ್ತು. ಇಲ್ಲಿ ಮಾಡಿದ್ದು ತಾನು, ಉಣ್ಣಬೇಕಾದವನು ಬೇರೆ.

ಶೆಡ್ಡಿನಲ್ಲಿ ದೀಪ ಹಾಕಿದ್ದರು. ವೆಲ್ಡಿಂಗ್ ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿ ಕಲ್ಲಂಗಡಿ ಹೋಳು ಜೋಡಿಸಿದ್ದರು. ವೆಲ್ಡರುಗಳು, ಪಠಾಣ್ ಡ್ರೈವರುಗಳು, ಪ್ರೀತಮ್, ಕುತೂಹಲಕ್ಕೆ ಬಂದ ಬಿಳಿಯ ಮ್ಯಾನೇಜರ್, ಎಲ್ಲರ ಕೈಯಲ್ಲೂ ಪುನರ್ಪುಳಿಯ ಕೆಂಪು. ಎಲ್ರಾಯ್ ಒಂದು ಗುಟುಕು ಕುಡಿದು, ಹುಳಿಗೆ ಮುಖ ಕಿವುಚಿ, ಇನ್ನೊಂದು ಗುಟುಕು ಕುಡಿದು, ಇದು ಅಜ್ಜಿಯದ್ದಕ್ಕಿಂತ ಕೆಂಪು ಎಂದ. ಆಮೇಲೆ ಅವರ ಕ್ರಮ ಶುರುವಾಯಿತು. ತನ್ನ ವಂಶದಲ್ಲಿ ತನಗೆ ಗೊತ್ತಿರುವ ಅತಿ ಹಳೆಯ ಜೀವದ ಹೆಸರನ್ನು ಪ್ರತಿಯೊಬ್ಬನೂ ಎದ್ದು ಹೇಳಬೇಕು. ಎಲ್ರಾಯ್ ತನ್ನ ಮುತ್ತಜ್ಜಿ ಹನ್ನಾಳ ಹೆಸರು ಹೇಳಿದ. ಹತ್ತಿ ಬಿಡಿಸುತ್ತಿದ್ದಾಗ ಬಿಡುಗಡೆಯ ಸುದ್ದಿ ಬಂದರೂ ಆ ಸಾಲು ಮುಗಿಸಿಯೇ ಹೊಲದಿಂದ ಎದ್ದಳಂತೆ, ಯಾಕೆಂದರೆ ಅವಳು ನಂಬಲಿಲ್ಲ.

ಬಾವಾನಿಗೆ ಆಗ ತಾನು ಕಲಸಿಟ್ಟ ಹಿಟ್ಟು ನೆನಪಾಯಿತು.

ಮೈಕಲನ ಸರದಿ ಬಂತು. ಅವನು ಎದ್ದು ನಿಂತು ತಲೆ ಕೆರೆದುಕೊಂಡ. "ಕಾಕಾ, ನಂದು ಇವರಿಗೆ ಇಂಗ್ಲಿಷಿನಾಗ ನೀವ ಹೇಳ್ರಿ," ಎಂದು ಕೂಗಿದ. ಬಾವಾ ಮುಂದೆ ಬಂದ. ಬಾಗಿಲ ಕಡೆ ಕಣ್ಣಿಟ್ಟುಕೊಂಡೇ ನಿಂತ.

"ನಮ್ಮ ಮುತ್ಯಾನ ಮುತ್ಯಾ ಒಬ್ಬಂವ ಗೋವಾದ ಧಣಿಯ ಮನಿಯಿಂದ ಓಡಿ ಬಂದು ಅಡವಿ ಹೊಕ್ಕ. ಅವನಿಗೆ ಯಾರೂ ಬಿಡುಗಡಿ ಸುದ್ದಿ ಹೇಳಲಿಲ್ಲ, ತಾನ ತಗೊಂಡ. ಹೆಸರು ಗೊತ್ತಿಲ್ರಿ. ಧಣಿ ಇಟ್ಟ ಹೆಸರು ಒಂದು ಇತ್ತಂತ, ಅದನ್ನ ದಾರಿಯೊಳಗ ಬಿಟ್ಟು ಬಂದ," ಎಂದ ಮೈಕಲ್.

ಬಾವಾ ತನಗೆ ಬಂದ ಇಂಗ್ಲಿಷಿನಲ್ಲಿ ಅಷ್ಟನ್ನೂ ಹೇಳಿದ. ಎಲ್ರಾಯ್ ಲೋಟ ಎತ್ತಿ, ಹೆಸರಿಲ್ಲದ ಆ ಅಜ್ಜನಿಗೆ ಎಂದ. ಎಲ್ಲರೂ ಕುಡಿದರು. ಮೈಕಲ್ ಮಗುವಿನಂತೆ ನಗುತ್ತಿದ್ದ.

ಅಷ್ಟರಲ್ಲಿ ಯೂಸುಫ್ ಬಂದ. ಹಿಂದೆ ಇಬ್ಬರು ಸೈನಿಕರು, ಹೊರಗೆ ಜೀಪು.

ಮೈಕಲನ ಪಾಸ್‌ಪೋರ್ಟ್ ಇಸಿದುಕೊಂಡು ಫೋಟೋವನ್ನೂ ಮುಖವನ್ನೂ ನೋಡಿದ ಸೈನಿಕ, ನಡೆ ಎಂದು ತೋಳು ಹಿಡಿದ. ಎಲ್ರಾಯ್ ಅಡ್ಡ ಬಂದ. ಮ್ಯಾನೇಜರ್ ಅವನ ಭುಜ ಹಿಡಿದು ಹಿಂದಕ್ಕೆ ಎಳೆದ. ಪ್ರೀತಮ್ ತನ್ನ ಲೋಟದ ಒಳಗೆ ನೋಡುತ್ತಿದ್ದ.

"ಅವನು ನಮ್ಮವನು," ಎಂದ ಬಾವಾ ಅರಬಿಯಲ್ಲಿ.

ಯೂಸುಫ್ ತಿರುಗಿದ. "ಅವನು ಭಾರತದವನಲ್ಲ ಎಂದವನು ನೀನೇ ಅಲ್ಲವೇ?"

ಶೆಡ್ಡಿನಲ್ಲಿ ಆ ಅರಬಿ ಮಾತು ಅರ್ಥವಾದದ್ದು ಬಾವಾನಿಗೆ, ಆ ಇಬ್ಬರು ಸೈನಿಕರಿಗೆ, ಅಷ್ಟೇ.

"ತಪ್ಪು ಹೇಳಿದೆ. ನನ್ನದೇ ರಾಜ್ಯದವನು, ನನ್ನದೇ ಭಾಷೆಯವನು. ರಾಯಭಾರಿ ಕಚೇರಿಯಲ್ಲಿ ಕೇಳಿಸಿ. ಸುಳ್ಳಾದರೆ ಅವನ ಜೊತೆ ನನ್ನನ್ನೂ ಹತ್ತಿಸಿ."

"ನಿನ್ನ ವಿಚಾರಣೆಯೇ ಮುಗಿದಿಲ್ಲ. ಆಕ್ರಮಣದ ಕಾಲದಲ್ಲಿ ನೀನೆಲ್ಲಿದ್ದೆ?"

"ಇಲ್ಲೇ. ಮಹಬೂಲಾದಲ್ಲಿ ರೊಟ್ಟಿ ಸುಡುತ್ತಿದ್ದೆ. ಅವರಿಗೂ ಸುಟ್ಟಿದ್ದೇನೆ."

ಹೇಳಿಬಿಟ್ಟ. ತಿಂಗಳುಗಟ್ಟಲೆ ಹೊಟ್ಟೆಯೊಳಗಿಟ್ಟುಕೊಂಡದ್ದು ಒಂದೇ ಉಸಿರಿನಲ್ಲಿ ಹೊರಬಿದ್ದಿತು. ಯೂಸುಫ್ ಅವನನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೈಕಲನ ತೋಳು ಬಿಡಿಸಿ, ಇಬ್ಬರ ಗೇಟ್ ಪಾಸುಗಳನ್ನೂ ತೆಗೆದುಕೊಂಡು ಜೇಬಿಗೆ ಹಾಕಿದ. ರಾಯಭಾರಿ ಕಚೇರಿಯ ಉತ್ತರ ಬರುವವರೆಗೆ ಇಬ್ಬರೂ ಗೇಟು ದಾಟುವ ಹಾಗಿಲ್ಲ ಎಂದು ಹೇಳಿ ಹೊರಟುಹೋದ.

ಸಂಜೆ ಪಾತ್ರೆ ತೊಳೆಯುವ ನಲ್ಲಿಯ ಬಳಿ ಮೈಕಲ್ ಬಂದು ಬಾವಾನ ಎರಡೂ ಕೈ ಹಿಡಿದುಕೊಂಡ.

"ನೀವಿರದಿದ್ರ ನನ್ನ ಕಥಿ ಮುಗೀತಿತ್ತು ಕಾಕಾ. ನಮ್ಮವರು ಅಂದ್ರ ನಮ್ಮವರ." ಆಮೇಲೆ ಅವನ ಮುಖ ಮಂಕಾಯಿತು. "ಆದ್ರ ಯಾರೋ ಹೇಳಿಕೊಟ್ಟಾರ್ರಿ. ಎಲ್ರಾಯ್ ಇರಬೇಕೇನು? ಮೊನ್ನೆ ನನ್ನ ಪಾಸ್‌ಪೋರ್ಟ್ ನೋಡ್ತೇನಂತ ಇಸ್ಕೊಂಡಿದ್ದ. ತಮ್ಮಾ ಅಂತ ಕರದು ಇಂಥಾ ಕೆಲಸಾ ಮಾಡಿದ್ನೇನು? ಇನ್ನ ಅವನ ಹತ್ರ ಕೂರಾಕ ಮನಸ್ಸ ಬರೂದಿಲ್ಲ."

ಬಾವಾ ಸುಮ್ಮನಿದ್ದರೆ ಸಾಕಿತ್ತು. ಬರೀ ಒಂದು ಹೂಂ ಅಂದಿದ್ದರೆ ಸಾಕಿತ್ತು. ನಲ್ಲಿಯ ನೀರು ಸುರಿಯುತ್ತಿತ್ತು. ಪಾತ್ರೆಯ ತಳದ ಕೆಂಪು ಇನ್ನೂ ಹೋಗಿರಲಿಲ್ಲ. ಸಂಶಯ ಒಬ್ಬನಿಂದ ಇನ್ನೊಬ್ಬನಿಗೆ ಹೇಗೆ ಹತ್ತಿಕೊಳ್ಳುತ್ತದೆ ಎಂಬುದನ್ನು ಅವನು ಕಣ್ಣಾರೆ ನೋಡುತ್ತಿದ್ದ.

"ಎಲ್ರಾಯ್ ಅಲ್ಲ," ಎಂದ. "ಹೇಳಿದ್ದು ನಾನು."

ಮೈಕಲ್ ಕೈ ಬಿಟ್ಟ. ತಮಾಷೆಯೇನೋ ಎಂದು ಬಾವಾನ ಮುಖ ಹುಡುಕಿದ. ತಮಾಷೆ ಸಿಗಲಿಲ್ಲ.

"ಯಾಕ್ರಿ ಕಾಕಾ?"

ಭಯವಾಗಿತ್ತು, ನೀನು ರೊಟ್ಟಿಯ ವಿಷಯ ಕೇಳಿಸಿಕೊಂಡಿದ್ದೆ, ಪ್ರೀತಮ್ ಹಾಗೆ ಹೇಳಿದ. ಹೇಳಲು ಬೇಕಾದಷ್ಟಿತ್ತು. ಎಲ್ಲವೂ ನಿಜವೂ ಆಗಿತ್ತು. ಆದರೆ ಆ ಎಲ್ಲದರ ಅಡಿಯಲ್ಲಿ ಇನ್ನೊಂದು ನಿಜ ಇತ್ತು, ಬಾಯಿಗೆ ಬಂದದ್ದು ಅದು.

"ನೀನು ಕನ್ನಡ ಮಾತಾಡಿದೆಯಲ್ಲ, ಅದಕ್ಕೆ."

ಮೈಕಲ್ ಬಯ್ಯಲಿಲ್ಲ, ಹೊಡೆಯಲಿಲ್ಲ. ನಲ್ಲಿ ತಿರುಗಿಸಿ ನೀರು ನಿಲ್ಲಿಸಿ ಹೋದ.

ರಾಯಭಾರಿ ಕಚೇರಿಯ ಉತ್ತರ ಬರುವ ಹೊತ್ತಿಗೆ ಮಾರ್ಷಲ್ ಲಾ ಕೂಡ ತೆಗೆದಿದ್ದರು. ಯೂಸುಫ್ ಚಹಾದ ಟ್ರೇಯಲ್ಲಿ ಎರಡೂ ಪಾಸುಗಳನ್ನು ಇಟ್ಟು, "ನಿನ್ನವನು ನಿಜವಾಗಿ ನಿನ್ನವನೇ," ಎಂದ. ರೊಟ್ಟಿಯ ಮಾತನ್ನು ಎತ್ತಲಿಲ್ಲ. ಬಾವಾನದು ಮೊಹರು ಬಿದ್ದ ಹೊಸ ಪಾಸ್. ಇಷ್ಟು ದಿನ ಕಾದದ್ದು ಕೈಗೆ ಸಿಕ್ಕಿದರೂ ಅವನಿಗೆ ಅದನ್ನು ತಿರುಗಿಸಿ ನೋಡುವ ಮನಸ್ಸಾಗಲಿಲ್ಲ.

ಅಂದು ಬಾವಾ ಬೇಕೆಂದೇ ಮಟನ್ ಸಾರು ಮಾಡಿದ. ಮೈಕಲ್ ಸಾಲಿನಲ್ಲಿ ಬಂದ, ಮುಂದೆ ಎಲ್ರಾಯ್, ಹಿಂದೆ ಒಬ್ಬ ಪಠಾಣ್ ಡ್ರೈವರ್. ಬಾವಾ ಮೈಕಲನ ಪಾಸನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟು ಒಂದು ಸೌಟು ಬಡಿಸಿದ. ಸೌಟು ಮತ್ತೆ ತುಂಬಿಕೊಂಡ.

"ಇನ್ನೊಂದು ಸೌಟು ಹಾಕಲಾ ಮೈಕಲ್?" ಎಂದು ಕನ್ನಡದಲ್ಲಿ, ಸಾಲಿಗೆಲ್ಲ ಕೇಳುವ ಹಾಗೆ ಕೇಳಿದ.

ಮೈಕಲ್ ಪಾಸನ್ನು ಜೇಬಿಗೆ ಹಾಕಿಕೊಂಡ.

"ನೋ, ಥ್ಯಾಂಕ್ಯೂ," ಎಂದ, ಎಲ್ರಾಯ್ ಹೇಳುವ ಧಾಟಿಯಲ್ಲೇ, ಬಹಳ ಮರ್ಯಾದೆಯಿಂದ. ತಟ್ಟೆ ಹಿಡಿದು ವೆಲ್ಡರುಗಳ ಮೇಜಿಗೆ ಹೋಗಿ ಕುಳಿತ.

"ಯಲ್ಲಾ ಭಾಯಿ," ಎಂದು ಹಿಂದಿನ ಡ್ರೈವರ್ ಅವಸರಿಸಿದ. ಬಾವಾ ಆ ಸೌಟನ್ನು ಅವನ ತಟ್ಟೆಗೆ ಸುರಿದ.